ಬೊಂಬೆ ಊರಿನ ಮಕ್ಕಳ ಕೈಗೆ ಉಳಿ ಬೇಡ, ಅರಗಾದರೂ ಕೊಡಿ!

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಾವುದಾದರೂ ಆರನೇ ಕ್ಲಾಸಿನ ಹುಡುಗನನ್ನು ನಿಲ್ಲಿಸಿ, ‘ಏನಪ್ಪಾ, ನಮ್ಮೂರ ಬೊಂಬೆಗೆ ಬಣ್ಣ ಹೇಗೆ ಹಚ್ಚುತ್ತಾರೆ?’ ಎಂದು ಕೇಳಿ ನೋಡಿ. ‘ಬ್ರಷ್‌ನಲ್ಲಿ ಅಂಕಲ್’ ಎಂಬ ಉತ್ತರ ಬಂದರೆ ಬೇಸರ ಮಾಡಿಕೊಳ್ಳಬೇಡಿ. ತಪ್ಪು ಹುಡುಗನದಲ್ಲ. ಅವನಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ಬ್ರಷ್ಷಿಗೆ ಇಲ್ಲಿ ಕೆಲಸ ಬಹಳ ಕಮ್ಮಿ. ಕಣ್ಣು, ಮೂಗು, ಹಣೆಯ ಬೊಟ್ಟು ಇಷ್ಟಕ್ಕೆ ಮಾತ್ರ. ಉಳಿದದ್ದೆಲ್ಲ ಅರಗಿನ ಆಟ. ತಿಂಗಳುಗಟ್ಟಲೆ ಒಣಗಿದ ಆಲೆಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿ ಹಿಡಿದು ಆಕಾರ ತೆಗೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆ ಗರಿಯನ್ನು ಅದುಮಿ ಹಿಡಿದರೆ ಮುಖ ನೋಡಿಕೊಳ್ಳುವಷ್ಟು ಹೊಳಪು! ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂದು ನಮ್ಮ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತವೆ. ಅದೇ ಶಾಖದಿಂದ ಅನ್ನ ಹುಟ್ಟಿಸಿಕೊಳ್ಳುವ ಜನ ಎರಡು ಬೀದಿ ಆಚೆ, ಕಲಾನಗರದಲ್ಲಿ ಕೂತಿದ್ದಾರೆ. ಶಾಲೆಯವರಿಗೆ ಆ ದಾರಿ ಗೊತ್ತಿಲ್ಲ.

ಟಿಪ್ಪು ಕಾಲದಿಂದ ಬಂದ ಕಸುಬು ಎನ್ನುತ್ತೇವೆ. ಬಾವಾಸ್ ಮಿಯಾನ್ ಅವರು ಜಪಾನಿಗೆ ಹೋಗಿ ಹೊಸ ರೀತಿ ಕಲಿತು ಬಂದರೆಂದು ಎದೆಯುಬ್ಬಿಸಿ ಹೇಳುತ್ತೇವೆ. ಜಿ.ಐ. ಗುರುತು ಸಿಕ್ಕಿದೆ. 2020ರ ಆಗಸ್ಟಿನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದಲ್ಲೂ ಊರಿನ ಹೆಸರು ಬಂತು. ಭಾಷಣದಲ್ಲಿ ಬಂದ ಹೆಸರು ಊರಿನ ಮಗುವಿನ ಬೆರಳಿಗೆ ಇಳಿಯುವುದು ಯಾವಾಗ ಸ್ವಾಮಿ?

ಇದರಲ್ಲಿ ಇನ್ನೊಂದು ತಮಾಷೆಯೂ ಉಂಟು. ಬೆಂಗಳೂರಿನಿಂದ ಕಾರಿನಲ್ಲಿ ಬರುವ ಮಕ್ಕಳು ದುಡ್ಡು ಕೊಟ್ಟು ಲೇತಿನ ಮುಂದೆ ಕೂತು, ಒಂದು ಬುಗುರಿ ಮಾಡಿಸಿಕೊಂಡು, ಫೋಟೋ ಹೊಡೆಸಿಕೊಂಡು ಹೋಗುತ್ತವೆ. ಹೋಗಲಿ, ಸಂತೋಷ. ಕಸುಬುದಾರನಿಗೆ ನಾಲ್ಕು ಕಾಸು ಸಿಕ್ಕಿತು. ಆದರೆ ಅದೇ ಬೀದಿಯ ಸರ್ಕಾರಿ ಶಾಲೆಯ ಮಗು ಕಿಟಕಿಯಲ್ಲಿ ಇಣುಕಿ ನೋಡಬೇಕೇ?

ಶಾಲೆಗಳಲ್ಲಿ ಕರಕುಶಲ ಕಲಿಸುತ್ತಿಲ್ಲವೇ ಎಂದರೆ, ಕಲಿಸುತ್ತಾರೆ, ಕಾಗದದ ಮೇಲೆ. ಹಿಂದೆ ಹೈಸ್ಕೂಲುಗಳಲ್ಲಿ ಕ್ರಾಫ್ಟ್ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು ಎಂದು ಇರುತ್ತಿದ್ದರು. ನಿವೃತ್ತರಾದವರ ಕುರ್ಚಿ ಎಷ್ಟೋ ಕಡೆ ಖಾಲಿ ಉಳಿದಿದೆ. ಈಗ ನಡೆಯುವುದು ‘ಪ್ರಾಜೆಕ್ಟ್’. ಸಂಜೆ ಏಳು ಗಂಟೆಗೆ ತಾಯಿಯೊಬ್ಬಳು ಸ್ಟೇಷನರಿ ಅಂಗಡಿಗೆ ಓಡಿ ಬರುತ್ತಾಳೆ. ನಾಳೆ ಬೆಳಿಗ್ಗೆಗೆ ಒಂದು ಥರ್ಮಾಕೋಲ್ ತಾಜ್‌ಮಹಲ್ ಬೇಕು. ರೆಡಿಮೇಡ್ ಇದೆಯಾ? ಇದೆ. ಹಣ ಕೊಟ್ಟಳು, ತಗೊಂಡು ಹೋದಳು. ಮಗುವಿಗೆ ಮಾರ್ಕ್ಸು, ಅಂಗಡಿಯವನಿಗೆ ವ್ಯಾಪಾರ, ಮೇಷ್ಟ್ರಿಗೆ ನಿರಾಳ. ಮಗುವಿನ ಕೈಗೆ ಮಾತ್ರ ಗೋಂದು ಕೂಡ ಅಂಟಲಿಲ್ಲ. ಅಂಗಡಿಯವರು ಸಿಟ್ಟಾಗಬಾರದು. ಬೇಡಿಕೆ ಇದ್ದದ್ದನ್ನು ಅವರು ಮಾರುತ್ತಾರೆ.

ಅಂಗಡಿಯವರ ಮಾತು ಬಂದದ್ದಕ್ಕೆ ಅವರ ಗೋಳನ್ನೂ ಹೇಳಬೇಕು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. 118 ಕಿಲೋಮೀಟರು, ಊರನ್ನು ಪಕ್ಕಕ್ಕೆ ಬಿಟ್ಟು ಹಾರಿಹೋಗುವ ದಾರಿ. ಹಳೇ ರಸ್ತೆಯಲ್ಲಿ ಕಾರು ನಿಲ್ಲಿಸಿ ಮಕ್ಕಳಿಗೆ ಬೊಂಬೆ ಕೊಡಿಸುತ್ತಿದ್ದ ಗಿರಾಕಿ ಮೇಲ್ಸೇತುವೆಯಲ್ಲೇ ಹೋದ. ಅದಕ್ಕೂ ಮೊದಲಿಂದ ಚೀನಾದ ಪ್ಲಾಸ್ಟಿಕ್ ಸಾಮಾನಿನ ಹೊಡೆತ ಇದ್ದೇ ಇತ್ತು. ಬೋರ್ಡು ಹಾಕಿ, ಕಮಾನು ಕಟ್ಟಿ ಎಂದು ಬೇಡಿಕೆ ಇಡುವುದು ಸರಿಯೇ. ಆದರೆ ಅರಗಿನ ಬೊಂಬೆಗೂ ಪೇಂಟಿನ ಬೊಂಬೆಗೂ ವ್ಯತ್ಯಾಸ ಗೊತ್ತಿರುವ ಗಿರಾಕಿ ಎಲ್ಲಿಂದ ಹುಟ್ಟಬೇಕು? ಈ ಊರಿನ ಮಗುವಿಗೇ ಅದು ಗೊತ್ತಿಲ್ಲದಿದ್ದರೆ ಹುಬ್ಬಳ್ಳಿಯವನಿಗೆ ಯಾಕೆ ಗೊತ್ತಿರಬೇಕು?

ಇಲ್ಲೊಂದು ಆಕ್ಷೇಪ ಏಳುತ್ತದೆ. ಕಸುಬುದಾರರೇ ಹೇಳುತ್ತಾರೆ: ‘ನಮ್ಮ ಮಕ್ಕಳು ಈ ಧೂಳು ಕುಡಿಯೋದು ಬೇಡ ಸಾರ್, ಓದ್ಕೊಳ್ಳಲಿ.’ ನ್ಯಾಯವಾದ ಮಾತು. ದಿನವೆಲ್ಲ ಬಗ್ಗಿ ಕೂತು ದುಡಿದವರಿಗೆ ಗೊತ್ತು ಆ ಕಷ್ಟ. ಕಾನೂನೂ ಅವರ ಕಡೆಗೇ ಇದೆ. 1986ರ ಕಾಯಿದೆ, ಅದಕ್ಕೆ 2016ರಲ್ಲಿ ಆದ ತಿದ್ದುಪಡಿ, ಇವುಗಳ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಕಾರ್ಯಾಗಾರಗಳಲ್ಲಿ ದುಡಿಮೆಗೆ ಹಚ್ಚುವಂತಿಲ್ಲ. ಆದ್ದರಿಂದ ಕ್ಲಾಸು ಬೇರೆ, ಕೂಲಿ ಬೇರೆ ಎಂಬ ಗೆರೆ ಸ್ಪಷ್ಟವಾಗಿರಬೇಕು. ಗೆರೆ ಎಳೆಯುವುದು ಕಷ್ಟವೇನಲ್ಲ. ಮಗು ಮಾಡಿದ್ದು ಮಗುವಿನ ಜೊತೆಗೇ ಮನೆಗೆ ಹೋಗಬೇಕು. ಒಂದೇ ಒಂದು ಮಣಿ ಮಾರಾಟಕ್ಕೆ ಹೋದರೂ ಅದು ಕ್ಲಾಸಲ್ಲ.

ಹಾಗಾದರೆ ನಡೆಸುವುದು ಹೇಗೆ? ಮೋಟಾರು ಲೇತಿನ ಹತ್ತಿರ ಮಕ್ಕಳನ್ನು ಬಿಡಲೇಬಾರದು. ಜಡೆ, ವೇಲು, ಅಂಗಿಯ ತೋಳು ಸಿಕ್ಕಿಕೊಂಡರೆ ಕ್ಷಣದಲ್ಲಿ ಅನಾಹುತ. ಹಗ್ಗ ಎಳೆದು ತಿರುಗಿಸುವ ಹಳೇ ಕೈ ಲೇತು ಒಂದೆರಡನ್ನು ಹುಡುಕಿ, ಇಲ್ಲದಿದ್ದರೆ ಮಾಡಿಸಿ, ರಿಪೇರಿ ಮಾಡಿ ಶಾಲೆಗೆ ತಂದರೆ ಸಾಕು. ಉಳಿ ಮೇಷ್ಟ್ರ ಕೈಯಲ್ಲೇ ಇರಲಿ. ಅವರು ಮೊದಲೇ ಕಡೆದು ತಂದ ಬುಗುರಿಯನ್ನು ಕಚ್ಚಿಸಿ, ಒಬ್ಬ ಹುಡುಗ ಹಗ್ಗ ಎಳೆಯಲಿ, ಇನ್ನೊಬ್ಬಳು ಅರಗಿನ ಕಡ್ಡಿ ಒತ್ತಲಿ. ಮೊದಲ ಸಲ ಬಣ್ಣ ತೇಪೆ ತೇಪೆಯಾಗಿ ಹತ್ತುತ್ತದೆ. ಹತ್ತಲಿ! ಅಲ್ಲಿ ಮೇಷ್ಟ್ರು ಕೈ ಹಾಕಿ ಚೆಂದ ಮಾಡಿಕೊಟ್ಟರೆ ಕ್ಲಾಸು ಕೆಟ್ಟಿತು, ಮತ್ತದೇ ಥರ್ಮಾಕೋಲ್ ತಾಜ್‌ಮಹಲ್. ಈ ಕೆಲಸಕ್ಕೆ ಹನ್ನೆರಡು ದಾಟಿದವರೇ ಸರಿ. ಚಿಕ್ಕವರಿಗೆ ಉಜ್ಜುಕಾಗದ, ಪೋಣಿಸಲು ಮರದ ಮಣಿ, ಕಲಸಲು ಕೆರೆ ಮಣ್ಣು ಬೇಕಾದಷ್ಟಾಯಿತು. ಒಬ್ಬ ಕಲಿಸುವವನಿಗೆ ಹತ್ತು ಮಕ್ಕಳು, ಹೆಚ್ಚು ಬೇಡ. ಐವತ್ತು ಮಕ್ಕಳನ್ನು ಕೂಡಿಸಿದರೆ ಅದು ಕ್ಲಾಸಲ್ಲ, ಪ್ರದರ್ಶನ.

ದಿನ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತಿಂಗಳಿಗೊಂದು ಶನಿವಾರ ಬ್ಯಾಗಿಲ್ಲದೆ ಬರುವ ‘ಸಂಭ್ರಮ ಶನಿವಾರ’ವನ್ನು ಶಿಕ್ಷಣ ಇಲಾಖೆಯೇ ಮಾಡಿದೆ. ಬ್ಯಾಗು ಮನೆಯಲ್ಲಿ ಉಳಿಯಿತು ಸರಿ, ಖಾಲಿ ಕೈಗೆ ಏನು ಕೊಟ್ಟರು? ಮರದ ಚೂರು ಕಾರ್ಖಾನೆಗಳಲ್ಲಿ ರಾಶಿ ಬಿದ್ದಿರುತ್ತದೆ. ಖರ್ಚು ಎಂದರೆ ಅರಗು, ಮತ್ತು ಕಲಿಸಲು ಬರುವವರ ಒಂದು ದಿನದ ಕೂಲಿ. ಆ ಕೂಲಿಯನ್ನು ಮಾತ್ರ ತಪ್ಪಿಸಬಾರದು. ಶಾಲು ಹೊದಿಸಿ, ಹಾರ ಹಾಕಿ, ಬಸ್ ಚಾರ್ಜು ಕೂಡ ಕೊಡದೆ ಕಳಿಸುವ ಚಾಳಿ ನಮ್ಮಲ್ಲಿದೆ. ಶನಿವಾರದ ಕೆಲಸ ಬಿಟ್ಟು ಬರುವವನ ಮನೆಯಲ್ಲಿ ಭಾನುವಾರ ಒಲೆ ಉರಿಯಬೇಕು. 2025ರಲ್ಲಿ ಜಿಲ್ಲೆಯ ಹೆಸರನ್ನು ರಾಮನಗರದಿಂದ ಬೆಂಗಳೂರು ದಕ್ಷಿಣಕ್ಕೆ ಬದಲಿಸುವಾಗ ತೋರಿದ ಚುರುಕುತನದಲ್ಲಿ ಕಾಲುಭಾಗ ತೋರಿದರೂ ಈ ಹಣಕ್ಕೆ ಒಂದು ಲೆಕ್ಕದ ಶೀರ್ಷಿಕೆ ಸಿಕ್ಕೀತು.

ನಗರಸಭೆ, ಬಿ.ಇ.ಓ. ಕಚೇರಿ, ಬೊಂಬೆ ಅಂಗಡಿ ಮಾಲೀಕರು ಒಂದು ಸಂಜೆ ಕೂತು ಮಾತಾಡಿದರೆ ನವರಾತ್ರಿಗೆ ಮೊದಲೇ ನಾಲ್ಕು ಶಾಲೆಗಳಲ್ಲಿ ಶುರು ಮಾಡಬಹುದು. ಆಗ ಮನೆಯಲ್ಲಿ ಬೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲಲ್ಲಿ ಮಗು ತಾನೇ ಬಣ್ಣ ಹಚ್ಚಿದ ಸೊಟ್ಟ ಬುಗುರಿಯೊಂದು ಕೂರುತ್ತದೆ. ಹಬ್ಬ ಮುಗಿದ ಮೇಲೆ ಅದನ್ನು ಒಂದು ವಾರದ ಮಟ್ಟಿಗೆ ಎರವಲು ತಂದು, ಅಂಗಡಿಯ ಶೋಕೇಸಿನಲ್ಲಿ ಒಂದು ಹಲಗೆ ಬಿಡಿಸಿ ಇಟ್ಟು, ‘ಇದು ಮಾರಾಟಕ್ಕಲ್ಲ’ ಎಂದು ಚೀಟಿ ಅಂಟಿಸಲು ಎಷ್ಟು ಮಂದಿ ಅಂಗಡಿಯವರು ಮುಂದೆ ಬರುತ್ತಾರೆ?