ನಮ್ಮ ಮೆಟ್ರೊ ನಿಲ್ದಾಣಗಳ ಸುಗಮ ಪ್ರವೇಶ ಮತ್ತು ಮಳೆ ರಕ್ಷಣೆ

ಬೆಂಗಳೂರಿನ ನಮ್ಮ ಮೆಟ್ರೊ ಸೇವೆಯು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆ ನಿಲ್ದಾಣಗಳ ನಡುವೆ ಆರಂಭವಾಯಿತು. ಲಿಫ್ಟ್ ಹಾಗೂ ಅಂಧರಿಗೆ ದಾರಿ ತೋರುವ ಉಬ್ಬು ಹಾಸುಗಳು ನಿಲ್ದಾಣಗಳ ವಿನ್ಯಾಸದಲ್ಲಿಯೇ ಸೇರಿವೆ. ಕೊರತೆ ಹೆಚ್ಚಾಗಿ ಕಾಣುವುದು ಬಸ್ ತಂಗುದಾಣದಿಂದ ಲಿಫ್ಟಿನ ಬಾಗಿಲಿನವರೆಗಿನ ದಾರಿಯಲ್ಲಿ.

ಮಳೆಗಾಲದಲ್ಲಿ ಈ ಅಲ್ಪ ದೂರವೇ ಪ್ರಯಾಣವನ್ನು ತಡೆಯಬಲ್ಲದು. ಗಾಲಿಕುರ್ಚಿಯನ್ನು ಸ್ವತಃ ನಡೆಸುವವರ ಎರಡೂ ಕೈಗಳು ಚಕ್ರಗಳ ಮೇಲಿರುವುದರಿಂದ ಕೊಡೆ ಹಿಡಿಯಲಾಗದು. ನಿಂತ ನೀರಿನಡಿಯ ಗುಂಡಿ ಬಿಳಿಕೋಲಿಗೆ ಸುಲಭವಾಗಿ ತಿಳಿಯದು. ಮಳೆಯ ಸದ್ದಿನಲ್ಲಿ ವಾಹನಗಳ ಸದ್ದು ಅಡಗುವುದರಿಂದ ರಸ್ತೆ ದಾಟುವುದೂ ಅಪಾಯಕರ. ಎತ್ತರಿಸಿದ ಮಾರ್ಗವು ಬಹುತೇಕ ಕಡೆ ಆಸರೆಯಾಗುವುದು ರಸ್ತೆ ವಿಭಜಕಕ್ಕೆ, ಜನ ನಡೆಯುವ ಅಂಚಿಗಲ್ಲ.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಸೆಕ್ಷನ್ 45ರ ಪ್ರಕಾರ, ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳೂ ಸುಗಮವಾಗಬೇಕಿತ್ತು. ನಿಯಮಗಳು 2017ರಲ್ಲಿ ಬಂದವು. ಗಡುವು 2022ರಲ್ಲಿ ಮುಗಿಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆಯ ಮಾನದಂಡಗಳನ್ನು ಕೇವಲ ಸಲಹೆಗಳ ಮಟ್ಟದಲ್ಲಿರಿಸಿದ್ದ ನಿಯಮ 15(1) ಮೂಲ ಕಾಯ್ದೆಗೆ ವಿರುದ್ಧವೆಂದು ತೀರ್ಪಿತ್ತು, ಮೂರು ತಿಂಗಳೊಳಗೆ ಕಡ್ಡಾಯ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು.

ಆದರೂ ಹೊಣೆ ಹಂಚಿಹೋಗಿದೆ. ನಿಲ್ದಾಣ ಮೆಟ್ರೊ ನಿಗಮದ್ದು, ಪಾದಚಾರಿ ಮಾರ್ಗ ನಗರಾಡಳಿತದ್ದು, ಬಸ್ಸು ಬಿಎಂಟಿಸಿಯದು. ಚಾವಣಿ ಬೇಕಿರುವ ಜಾಗ ಇವುಗಳ ನಡುವಿನದು. ಚಾವಣಿಯೂ ಎಚ್ಚರ ಬೇಡುವ ಕೆಲಸವೇ: ಇಕ್ಕಟ್ಟಾದ ಪಾದಚಾರಿ ಮಾರ್ಗದಲ್ಲಿ ಅದಕ್ಕೆಂದು ಕಂಬ ನೆಟ್ಟರೆ ಗಾಲಿಕುರ್ಚಿಗೆ ಅದೇ ಅಡ್ಡಿಯಾಗುತ್ತದೆ. ಅಂತಹ ಕಡೆ ನಿಲ್ದಾಣದ ಗೋಡೆಯಿಂದಲೇ ಹೊರಚಾಚುವ ಚಾವಣಿ ಹೆಚ್ಚು ಸೂಕ್ತ.