ಫೈನಲ್ ಇದ್ದರೂ ಸರಿ, ಅವನನ್ನು ಹೊರಗೆ ಕೂರಿಸಿ

ಬೆಂಗಳೂರಿನ ಸಿದ್ದಾಪುರದಲ್ಲಿ ಕಬಡ್ಡಿ ಆಡಿಸುವ ಅಣ್ಣಂದಿರೇ, ಫುಟ್‌ಬಾಲ್ ಕೋಚ್‌ಗಳೇ, ಪಿ.ಟಿ. ಮೇಷ್ಟ್ರುಗಳೇ, ಮಕ್ಕಳನ್ನು ಮೈದಾನಕ್ಕೆ ಕಳಿಸುವ ಅಪ್ಪ ಅಮ್ಮಂದಿರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಅವತ್ತು ಮತ್ತೆ ಆಟಕ್ಕೆ ಇಳಿಸಬೇಡಿ. ಫೈನಲ್ ಇರಲಿ, ಕೊನೇ ರೇಡ್ ಇರಲಿ, ಕಪ್ ಕೊಡುವುದಕ್ಕೆ ಎಮ್ಮೆಲ್ಲೆ ಬಂದು ಕೂತಿರಲಿ, ಬೇಡ.

ನಮ್ಮ ಕಡೆಯ ರಾತ್ರಿ ಟೂರ್ನಮೆಂಟ್ ನೋಡಿದವರಿಗೆ ಇದು ಹೊಸದಲ್ಲ. ಹದಿನೇಳರ ಆಸುಪಾಸಿನ ರೇಡರ್ ಬೋನಸ್ ಗೆರೆ ಮುಟ್ಟಿ ತಿರುಗುವಷ್ಟರಲ್ಲಿ ಡ್ಯಾಶ್ ಬಿತ್ತು. ಹುಡುಗ ಅಂಗಳದಾಚೆ ಹೋಗಿ ಬಿದ್ದ, ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಮುಖಕ್ಕೆ ನೀರೆರಚಿದರು. ಯಾರೋ ಮೊಣಕಾಲಿಗೆ ಸ್ಪ್ರೇ ಹೊಡೆದರು, ಕೈಯಲ್ಲಿದ್ದದ್ದು ಅದೊಂದೇ ತಾನೆ! "ಏಳು ಮಗಾ, ಏನಾಗಿಲ್ಲ" ಅಂದರು, ಎದ್ದ. ಶಿಳ್ಳೆ, ಚಪ್ಪಾಳೆ. ಎದ್ದವನು ಸೀದಾ ಹೋಗಿ ಎದುರು ತಂಡದವರ ಸಾಲಿನಲ್ಲಿ ಕೈ ಹಿಡಿದು ನಿಂತ. ಜನ ಬಿದ್ದು ಬಿದ್ದು ನಕ್ಕರು. ತನ್ನ ತಂಡ ಯಾವುದೆಂದೇ ಮರೆತವನ ಮಿದುಳಿಗೆ ಏನಾಗಿರಬಹುದು ಎಂದು ಯಾರೂ ಕೇಳಲಿಲ್ಲ. ಎರಡು ನಿಮಿಷ ಬಿಟ್ಟು ಅವನನ್ನೇ ಮತ್ತೆ ರೇಡಿಗೆ ಕಳಿಸಿದರು.

ಆ ಮಿದುಳು ಎಂಥದ್ದೆಂದು ನೋಡಬೇಕಾ? ಇಲ್ಲಿಂದ ಹೊಸೂರು ರಸ್ತೆಗೆ ನಡೆದುಕೊಂಡೇ ಹೋಗಬಹುದು, ಅಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ಅದರ ಮಿದುಳು ಮ್ಯೂಸಿಯಂನಲ್ಲಿ ನಿಜವಾದ ಮನುಷ್ಯ ಮಿದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಒಮ್ಮೆ ನಿಮ್ಮ ಟೀಮನ್ನು ಕರೆದುಕೊಂಡು ಹೋಗಿ. ರಾಸಾಯನಿಕದಲ್ಲಿ ಇಟ್ಟಿದ್ದರಿಂದ ಅದು ಗಟ್ಟಿಯಾಗಿರುತ್ತದೆ. ಬದುಕಿರುವ ತಲೆಯೊಳಗಿನದು ಗಡಿಗೆಯ ಕೆನೆಮೊಸರಿನಷ್ಟು ಮೆದು. ಗಡಿಗೆ ಒಡೆಯದೆಯೇ ಮೊಸರು ಕದಡುತ್ತದಲ್ಲ, ಹಾಗೆ ರಕ್ತ ಬರದಿದ್ದರೂ, ಬುರುಡೆ ಬಿರಿಯದಿದ್ದರೂ ಒಳಗೆ ಪೆಟ್ಟಾಗಿರುತ್ತದೆ. ಕನ್‌ಕಷನ್ ಅನ್ನುವುದು ಇದಕ್ಕೇ. ಅದು ಮಾಗುವ ಮುನ್ನ ಇನ್ನೊಂದು ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಪ್ರಾಣವೇ ಹೋಗಬಹುದು, ಅದರಲ್ಲೂ ಎಳೆಯರಿಗೆ ಅಪಾಯ ಹೆಚ್ಚು.

ಈ ಪಾಠಕ್ಕೆ ತುಂಬಾ ದುಬಾರಿ ಬೆಲೆ ತೆತ್ತ ದೇಶ ಆಸ್ಟ್ರೇಲಿಯಾ. ಅಲ್ಲಿನ ಸ್ವಂತ ಫುಟ್‌ಬಾಲನ್ನು ನೀವು ಟಿವಿಯಲ್ಲಿ ನೋಡಿರಬಹುದು. ಮೊಟ್ಟೆಯಾಕಾರದ ಚೆಂಡು, ಕಡೆಗೆ ಹದಿನೆಂಟು ಜನ, ಕೈಯೂ ಉಂಟು ಕಾಲೂ ಉಂಟು, ಚೆಂಡಿಗಾಗಿ ಒಬ್ಬರ ಬೆನ್ನ ಮೇಲೊಬ್ಬರು ಹಾರುತ್ತಾರೆ. ಹದಿನೆಂಟು ತುಂಬುತ್ತಲೇ ಹುಡುಗರನ್ನು ಕ್ಲಬ್‌ಗಳು ಆರಿಸಿಕೊಳ್ಳುತ್ತವೆ. ಸಂಬಳ, ಡಾಕ್ಟರು, ಹೆಸರು ಎಲ್ಲಾ ಉಂಟು. ಅಲ್ಲಿನ ದಂತಕತೆ ಗ್ರಹಾಂ ಫಾರ್ಮರ್ 2019ರಲ್ಲಿ ತೀರಿಕೊಂಡರು. ಮರುವರ್ಷ ಅವರ ಮಿದುಳಿನಲ್ಲಿ ಸಿಟಿಇ ಪತ್ತೆಯಾಯಿತು. ಪದೇ ಪದೇ ತಲೆಗೆ ಬಿದ್ದ ಪೆಟ್ಟುಗಳಿಂದ ನಿಧಾನಕ್ಕೆ ಮಿದುಳು ಸವೆಯುವ ಕಾಯಿಲೆ ಇದು. ಆ ಆಟದಲ್ಲಿ ಹಾಗೆ ಪತ್ತೆಯಾದವರಲ್ಲಿ ಅವರೇ ಮೊದಲಿಗರು. ರಿಚ್ಮಂಡ್ ಪರ 173 ಪಂದ್ಯ ಆಡಿ ಆಮೇಲೆ ಬಾಕ್ಸಿಂಗಿಗೂ ಇಳಿದಿದ್ದ ಶೇನ್ ಟಕ್ 2020ರಲ್ಲಿ ಹೋದಾಗ ವಯಸ್ಸು ಬರೀ 38. ಅವರಲ್ಲೂ ಅದೇ, ತೀವ್ರವಾಗಿ.

ಹೆದರ್ ಆಂಡರ್ಸನ್ ಕತೆ ಓದಿದಾಗ ನನಗೆ ಊಟ ಸೇರಲಿಲ್ಲ. 2017ರಲ್ಲಿ ಮೊಟ್ಟಮೊದಲ ಮಹಿಳಾ ಲೀಗ್ ಗೆದ್ದ ಅಡಿಲೇಡ್ ತಂಡದ ಆಟಗಾರ್ತಿ. ಅಮ್ಮನಿಗೆ ದೃಷ್ಟಿ ಮಂದ. ಅಷ್ಟು ಜನರ ನಡುವೆ ಮಗಳು ಎಲ್ಲಿದ್ದಾಳೆಂದು ಅಮ್ಮನಿಗೆ ಗೊತ್ತಾಗಲಿ ಎಂದು ಕಡು ಗುಲಾಬಿ ಹೆಲ್ಮೆಟ್ ಹಾಕಿಕೊಂಡು ಆಡುತ್ತಿದ್ದಳು. 2022ರಲ್ಲಿ, 28ನೇ ವಯಸ್ಸಿಗೆ ಸತ್ತಳು. ಸಿಟಿಇ ಪತ್ತೆಯಾದ ಮೊದಲ ವೃತ್ತಿಪರ ಆಟಗಾರ್ತಿ ಅವಳೇ. ಹೆಲ್ಮೆಟ್ ಬುರುಡೆಯನ್ನು ಕಾಯುತ್ತದೆ, ಒಳಗಿನ ಅಲುಗಾಟವನ್ನು ತಡೆಯಲಾರದು. ಸಿಟಿಇ ಖಚಿತವಾಗುವುದು ಸತ್ತ ಮೇಲೆ, ಮಿದುಳನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಮಾತ್ರ. ಅದಕ್ಕಾಗಿಯೇ 2018ರಲ್ಲಿ ಸಿಡ್ನಿಯಲ್ಲಿ ಆಟಗಾರರ ಮಿದುಳು ಬ್ಯಾಂಕ್ ತೆರೆದರು. ನಮ್ಮ ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ 1995ರಿಂದಲೇ ಇದೆ. ನಮ್ಮ ಕಬಡ್ಡಿ ಆಟಗಾರರ, ಬಾಕ್ಸರ್‌ಗಳ ತಲೆಯೊಳಗೆ ಏನಾಗಿದೆ ಎಂದು ಯಾವ ಸಂಘದವರಾದರೂ ಅಲ್ಲಿಗೆ ಹೋಗಿ ಕೇಳಿದ್ದುಂಟಾ?

ಆಸ್ಟ್ರೇಲಿಯಾದ ಆ ಫುಟ್‌ಬಾಲಿನಲ್ಲಿ ಈಗ ನಿಯಮ ಬಿಗಿಯಾಗಿದೆ. ಕನ್‌ಕಷನ್ ಆದ ವೃತ್ತಿಪರ ಆಟಗಾರ ಕನಿಷ್ಠ 12 ದಿನ ಹೊರಗೆ. ಊರಿನ ಕ್ಲಬ್ಬಿನಲ್ಲಿ ಆಡುವ ಸಾಮಾನ್ಯರಿಗೆ, ಮಕ್ಕಳಿಗೆ 21 ದಿನ. ಪಕ್ಕದಲ್ಲೇ ಡಾಕ್ಟರಿರುವವನಿಗೆ ಕಡಿಮೆ, ಯಾರೂ ಇಲ್ಲದವನಿಗೆ ಹೆಚ್ಚು. ಎಷ್ಟು ಸರಿಯಾದ ಲೆಕ್ಕ! ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ 2024ರಲ್ಲಿ, 28ಕ್ಕೇ ಡಾಕ್ಟರ ಮಾತಿಗೆ ತಲೆಬಾಗಿ ಆಟ ಬಿಟ್ಟರು. ಕ್ರಿಕೆಟ್ಟೂ ಬದಲಾಯಿತು. 2019ರಲ್ಲಿ ಲಾರ್ಡ್ಸ್‌ನಲ್ಲಿ ಕನ್‌ಕಷನ್ ಆದ ಸ್ಟೀವ್ ಸ್ಮಿತ್ ಬದಲು ಲಬುಶೇನ್ ಬ್ಯಾಟ್ ಹಿಡಿದು ಬಂದದ್ದನ್ನು ನಾವೆಲ್ಲ ನೋಡಿದ್ದೇವೆ.

ನಮ್ಮೂರಲ್ಲಿ? 2004ರ ಡಿಸೆಂಬರ್, ಕಂಠೀರವ ಕ್ರೀಡಾಂಗಣ, ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್. ಗೋಲು ಹೊಡೆದು ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದ ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ಮತ್ತೆ ಏಳಲಿಲ್ಲ. 2012ರ ಮಾರ್ಚ್‌ನಲ್ಲಿ ಬೆಂಗಳೂರು ಲೀಗ್ ಪಂದ್ಯದಲ್ಲಿ ಕುಸಿದ ವೆಂಕಟೇಶ್‌ರನ್ನು ಆಟೋದಲ್ಲಿ ಹಾಕಿಕೊಂಡು ಓಡಿದರು, ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆ ಇಬ್ಬರನ್ನೂ ಕೊಂಡೊಯ್ದದ್ದು ಹೃದಯ, ತಲೆಯ ಪೆಟ್ಟಲ್ಲ, ನಿಜ. ಆದರೆ 2022ರ ಜುಲೈನಲ್ಲಿ ಇದೇ ನಗರದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23ರ ಹುಡುಗ ತಲೆಗೆ ಏಟು ತಿಂದೇ ಪ್ರಾಣ ಬಿಟ್ಟ. ಪ್ರತಿ ಸಲವೂ ಒಂದು ವಾರ ಪೇಪರಿನಲ್ಲಿ ಬರುತ್ತದೆ. ಆಮೇಲೆ ಮುಂದಿನ ಟೂರ್ನಮೆಂಟಿನ ಫ್ಲೆಕ್ಸ್ ಏಳುತ್ತದೆ.

ತಲೆಗೆ ಪೆಟ್ಟಾದ ಹುಡುಗ ಅದನ್ನು ಯಾಕೆ ಹೇಳುವುದಿಲ್ಲ ಗೊತ್ತಾ? ಸ್ಟೇಟ್ ಸರ್ಟಿಫಿಕೇಟ್ ಸಿಕ್ಕರೆ ಪೊಲೀಸು, ರೈಲ್ವೆ, ಸ್ಪೋರ್ಟ್ಸ್ ಕೋಟಾ. ಆಯ್ಕೆಗಾರ ಬಂದಿರುವುದು ಇವತ್ತೊಂದೇ ದಿನ. ಅಪ್ಪ ಗಾರೆ ಕೆಲಸ, ಅಮ್ಮ ಜಯನಗರದ ನಾಲ್ಕು ಮನೆಯ ಕೆಲಸ. ಅವನ ಲೆಕ್ಕದಲ್ಲಿ ತಲೆಸುತ್ತು ಎಂದು ಕೂತವನು ಮನೆಗೆ ಬರುವ ಅನ್ನ ಬಿಟ್ಟಂತೆ. ಹಾಗಾಗಿ ತೀರ್ಮಾನವನ್ನು ಅವನ ಮೇಲೆ ಹಾಕುವುದೇ ಅನ್ಯಾಯ. "ಆಡ್ತೀಯೇನೋ?" ಎಂದು ಕೇಳಬೇಡಿ. ಅವನು ಹೂಂ ಅಂತಾನೆ. ಹೊರಗೆ ಕೂರಿಸಿ, ಅಷ್ಟೇ. ಕಬಡ್ಡಿಯಲ್ಲಿ ಅಂಗಳದಲ್ಲಿ ಏಳು ಜನ, ಹೊರಗೆ ಐವರು ಬದಲಿ ಆಟಗಾರರು ಕೂತಿರುತ್ತಾರೆ. ಅವರನ್ನು ಕೂರಿಸಿರುವುದು ನೀರು ಕೊಡುವುದಕ್ಕಾ?

ಹೊರಗೆ ಕೂತವನನ್ನು ಒಂಟಿಯಾಗಿ ಬಿಡಬೇಡಿ. ವಾಂತಿ, ಜಾಸ್ತಿಯಾಗುತ್ತಲೇ ಹೋಗುವ ತಲೆನೋವು, ತೂಕಡಿಕೆ, ತೊದಲು ಮಾತು, ಫಿಟ್ಸು, ಕಿವಿಯಿಂದಲೋ ಮೂಗಿನಿಂದಲೋ ನೀರಿನಂಥದ್ದು ಸೋರುವುದು, ಇದರಲ್ಲಿ ಯಾವುದು ಕಂಡರೂ 108ಕ್ಕೆ ಫೋನ್ ಮಾಡಿ. ಅವನನ್ನು ಬೈಕಿನ ನಡುವೆ ಕೂರಿಸಿಕೊಂಡು ಮನೆಗೆ ಬಿಡುವ ಉಪಕಾರ ಬೇಡ. ಇಡೀ ರಾಜ್ಯದಿಂದ ತಲೆಪೆಟ್ಟಿನವರನ್ನು ಹೊತ್ತು ತರುವುದು ನಮ್ಮ ಪಕ್ಕದ ನಿಮ್ಹಾನ್ಸ್‌ಗೆ. ಅಮ್ಮಂದಿರೇ, ಪಂದ್ಯ ಆಡಿ ಬಂದ ಮಗ ಊಟ ಬೇಡ ಎಂದು ಮುದುರಿ ಮಲಗಿದರೆ ಸುಸ್ತು ಎಂದು ಬಿಡಬೇಡಿ, ಎಬ್ಬಿಸಿ ಕೇಳಿ. ನಿಮ್ಹಾನ್ಸ್‌ನ ಡಾಕ್ಟರುಗಳೇ, ಒಂದು ಭಾನುವಾರ ಬೆಳಿಗ್ಗೆ ಇಲ್ಲಿಗೆ ಬನ್ನಿ. ನಾವು ಹೇಳಿದರೆ ಹುಡುಗರು ನಗುತ್ತಾರೆ, ನೀವು ಹೇಳಿದರೆ ಕೇಳುತ್ತಾರೆ.

ದುಡ್ಡಿಲ್ಲ ಅನ್ನುವ ಮಾತು ಬೇಡ. ಹಾರ, ತುರಾಯಿ, ಸೌಂಡ್ ಸಿಸ್ಟಮ್, ಆಳೆತ್ತರದ ಟ್ರೋಫಿಗೆ ದುಡ್ಡು ಹೇಗೆ ಹುಟ್ಟುತ್ತದೆ ಎಂದು ನಾವೆಲ್ಲ ಬಲ್ಲೆವು. ಅದರಲ್ಲೇ ಒಬ್ಬ ನರ್ಸಿಗೆ, ಒಂದು ಆಂಬುಲೆನ್ಸಿಗೆ ತೆಗೆದಿಡಿ. ಬರುವ ಟೂರ್ನಮೆಂಟಿನ ಪಾಂಪ್ಲೆಟ್ ಪ್ರೆಸ್ಸಿಗೆ ಹೋಗುವ ಮುಂಚೆ, ಎಂಟ್ರಿ ಫೀಸು, ಮೊದಲ ಬಹುಮಾನದ ಸಾಲುಗಳ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಇನ್ನೆರಡು ಸಾಲು ಹಾಕಿಸಿ: ತಲೆಗೆ ಪೆಟ್ಟಾದ ಆಟಗಾರ ಆ ದಿನ ಮತ್ತೆ ಆಡುವಂತಿಲ್ಲ. ಆಡಿಸಿದ ತಂಡ ಟೂರ್ನಮೆಂಟಿನಿಂದ ಔಟ್.