ನಾಮಫಲಕ ಬದಲಾಯಿತು, ನಾಡಿ ಹಿಡಿಯುವವರೆಲ್ಲಿ?

ಅಫಜಲಪುರ ತಾಲೂಕಿನ ಸೊನ್ನ ಗ್ರಾಮದ ಹೆಸರು ಮಳೆಗಾಲದಲ್ಲಿ ಮಾತ್ರ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮಾ ನದಿಗೆ ನೀರು ಬಿಟ್ಟಾಗ ಸೊನ್ನ ಬ್ಯಾರೇಜಿನ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬ ಲೆಕ್ಕ ಗಂಟೆಗಂಟೆಗೂ ಪ್ರಕಟವಾಗುತ್ತದೆ. ಘತ್ತರಗಿ ಮತ್ತು ದೇವಲ ಗಾಣಗಾಪುರದ ಸೇತುವೆಗಳು ಮುಳುಗಿದ ಚಿತ್ರಗಳು ಬರುತ್ತವೆ. 2020ರ ಅಕ್ಟೋಬರ್‌ನ ಮಹಾಪೂರದಲ್ಲಿಯೂ ಹೀಗೆಯೇ ಆಯಿತು. ನೀರು ಇಳಿದ ಮರುದಿನವೇ ಸೊನ್ನ ಮರೆತುಹೋಗುತ್ತದೆ.

ನೀರಿನ ಒಂದೊಂದು ಕ್ಯೂಸೆಕ್‌ಗೂ ಲೆಕ್ಕವಿಡುವ ಆಡಳಿತವನ್ನು ನಾವು ಒಂದು ಸರಳ ಪ್ರಶ್ನೆ ಕೇಳಬಯಸುತ್ತೇವೆ. ಸೇತುವೆ ಮುಳುಗುವ ದಿನ ಈ ದಂಡೆಯ ಹಳ್ಳಿಗಳಲ್ಲಿ ತುಂಬು ಗರ್ಭಿಣಿಯರು ಎಷ್ಟು ಮಂದಿ? ಅವರನ್ನು ಯಾವ ದಾರಿಯಿಂದ, ಯಾವ ಆಸ್ಪತ್ರೆಗೆ ಕರೆದೊಯ್ಯಲಾಗುವುದು? ಈ ಲೆಕ್ಕ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿದೆ. ಪ್ರವಾಹ ನಿರ್ವಹಣೆಯ ಸಭೆಗೆ ಆ ಪುಸ್ತಕವನ್ನು ತರಿಸಿಕೊಂಡ ಅಧಿಕಾರಿಗಳು ಎಷ್ಟು ಜನ?

ಈ ಭಾಗಕ್ಕೆ ಹೆಸರುಗಳ ಕೊರತೆಯೇನೂ ಇಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಆರೋಗ್ಯ ಉಪಕೇಂದ್ರವು ಮೊದಲು ಆರೋಗ್ಯ ಮತ್ತು ಕ್ಷೇಮ ಕೇಂದ್ರವಾಗಿ, 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರವಾಯಿತು. ಊರವರು ನರ್ಸಮ್ಮ ಎಂದು ಕರೆಯುವ ಆರೋಗ್ಯ ಸಹಾಯಕಿಗೆ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂಬ ಘನವಾದ ಪದನಾಮ ದೊರೆಯಿತು. ಆದರೆ ರಾತ್ರಿ ಹನ್ನೆರಡಕ್ಕೆ ಹೆರಿಗೆ ನೋವು ಆರಂಭವಾದ ಹೆಣ್ಣುಮಗಳು ಬಾಗಿಲು ತಟ್ಟುವುದು ಹೆಸರನ್ನು ಓದಿಕೊಂಡಲ್ಲ. ಬಾಗಿಲು ತೆರೆಯಲು ಒಳಗೊಬ್ಬರು ಇದ್ದಾರೆಯೇ ಎಂಬುದಷ್ಟೇ ಆಕೆಯ ಪ್ರಶ್ನೆ.

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಕಗೊಂಡ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಒಪ್ಪಿಸಿತು. ರಾಜ್ಯದ 114 ತಾಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಹೇಳಿತು. ಆಳಂದ, ಅಫಜಲಪುರ ಮತ್ತು ಜೇವರ್ಗಿ ಮೂರೂ ಆ 39ರ ಪಟ್ಟಿಯಲ್ಲಿದ್ದವು. ದೀರ್ಘ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯಾಗಿ 371(ಜೆ) ವಿಧಿ ಬಂತು. ಪ್ರದೇಶಾಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. 2023-24ನೇ ಸಾಲಿನಲ್ಲಿ ಅದಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಕಲಬುರಗಿ ನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಗೊಂಡಿತು. ಹಾಸಿಗೆಗಳ ಸಂಖ್ಯೆಯಲ್ಲಿಯೂ ಆ ವಿಧಿಯನ್ನು ಸ್ಮರಿಸಲಾಯಿತು.

ಈ ಆಸ್ಪತ್ರೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಹೃದಯಾಘಾತವಾದ ಬಡವ ಬೆಂಗಳೂರಿಗೋ ಹೈದರಾಬಾದಿಗೋ ಓಡಬೇಕಾಗಿದ್ದ ದುಃಸ್ಥಿತಿ ತಪ್ಪಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಹೃದಯವನ್ನು ಹದಗೆಡಿಸುವ ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ಅಳೆದು ಮಾತ್ರೆ ಕೊಡಬೇಕಾದ ಸ್ಥಳ ಹಳ್ಳಿಯ ಉಪಕೇಂದ್ರ. ಹಿಂದುಳಿದಿದ್ದು ಹಳ್ಳಿ, ಅದರ ಹೆಸರಿನಲ್ಲಿ ತಂದ ಹಣದಿಂದ ಎದ್ದು ನಿಂತದ್ದು ನಗರ. ಇದನ್ನು ಅಭಿವೃದ್ಧಿ ಎನ್ನೋಣವೇ, ಸ್ಥಳಾಂತರ ಎನ್ನೋಣವೇ?

ಸಮಸ್ಯೆಯ ಬೇರು ಲೆಕ್ಕ ಹಾಕುವ ವಿಧಾನದಲ್ಲಿದೆ. ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 30,000ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡ. ಗುಡ್ಡಗಾಡು, ಬುಡಕಟ್ಟು ಮತ್ತು ದುರ್ಗಮ ಪ್ರದೇಶಗಳಿಗೆ ಇದು 3,000 ಮತ್ತು 20,000ಕ್ಕೆ ಇಳಿಯುತ್ತದೆ. ಭೀಮಾ ತೀರದಲ್ಲಿ ಗುಡ್ಡವಿಲ್ಲ, ಕಾಡಿಲ್ಲ; ನಕಾಶೆಯಲ್ಲಿ ಅದು ಅಂಗೈಯಂತೆ ಸಮತಟ್ಟು. ಆದರೆ ಮಳೆ ಹಿಡಿದರೆ ಎರೆಮಣ್ಣಿನ ದಾರಿಯಲ್ಲಿ ಬಂಡಿಯ ಗಾಲಿ ಹೂತು ಹೋಗುತ್ತದೆ. ನದಿ ಉಕ್ಕಿದರೆ ಎದುರು ದಂಡೆಯ ಊರು ಪರದೇಶವಾಗುತ್ತದೆ. ಬೆಟ್ಟವನ್ನು ದುರ್ಗಮವೆಂದು ಒಪ್ಪುವ ಸರಕಾರ ಕೆಸರನ್ನು ಏಕೆ ಒಪ್ಪುವುದಿಲ್ಲ? ಏಳೆಂಟು ವೈದ್ಯಕೀಯ ಕಾಲೇಜುಗಳಿರುವ ದಕ್ಷಿಣ ಕನ್ನಡವನ್ನೂ ಸೊನ್ನದ ಸುತ್ತಲಿನ ಹಳ್ಳಿಗಳನ್ನೂ ತಲೆ ಎಣಿಕೆಯ ಒಂದೇ ತಕ್ಕಡಿಯಲ್ಲಿ ತೂಗುವುದು ಸಮಾನತೆಯಲ್ಲ. ಅದು ಸಮಾನತೆಯ ವೇಷ ತೊಟ್ಟ ಅನ್ಯಾಯ.

ಇನ್ನು ವೈದ್ಯರ ವಿಷಯ. 371(ಜೆ) ಅನ್ವಯ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ಉಳಿದ ಭಾಗಗಳಲ್ಲಿ ಶೇ. 8 ಸೀಟುಗಳು ಇಲ್ಲಿಯ ಮಕ್ಕಳಿಗೆ ಮೀಸಲು. ಇದು ನ್ಯಾಯೋಚಿತ. ಆದರೆ ಆ ಸೀಟು ಪಡೆದವರು ಯಾರ ಹಿಂದುಳಿದಿರುವಿಕೆಯ ಹೆಸರಿನಲ್ಲಿ ಪಡೆದರು? ತೊಗರಿ ಹೊಲದಲ್ಲಿ ಕಳೆ ಕೀಳುವ ಆ ತಾಯಿಯ ಋಣ ಅವರ ಮೇಲಿಲ್ಲವೇ? ವೈದ್ಯ ಪದವೀಧರರಿಗೆ ಒಂದು ವರ್ಷದ ಸೇವೆ ಕಡ್ಡಾಯವೆಂದು ರಾಜ್ಯ 2012ರಲ್ಲಿ ಕಾನೂನು ಮಾಡಿತು. 2023ರ ತಿದ್ದುಪಡಿಯ ಬಳಿಕ ಖಾಲಿ ಹುದ್ದೆಗಳಿರುವಷ್ಟಕ್ಕೆ ಮಾತ್ರ ಅದು ಕಡ್ಡಾಯ. ಹುದ್ದೆಯನ್ನೇ ಮಂಜೂರು ಮಾಡದ ಹಳ್ಳಿಯಲ್ಲಿ ಖಾಲಿ ಹುದ್ದೆ ಎಲ್ಲಿಂದ ಬರಬೇಕು?

ಆ ಶೂನ್ಯವನ್ನು ತುಂಬುತ್ತಿರುವವರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ಗರ್ಭಿಣಿಯ ನೋಂದಣಿ, ಮಗುವಿನ ಲಸಿಕೆ, ಕ್ಷಯರೋಗಿಯ ಮಾತ್ರೆ, ಮನೆಮನೆ ಸಮೀಕ್ಷೆ ಎಲ್ಲವೂ ಅವರ ಹೆಗಲ ಮೇಲೆ. ಆದರೆ ಅವರಿಗೆ ಸಿಗುವುದು ವೇತನವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕುಳಿತ ಬಳಿಕವಷ್ಟೇ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆಯಿತು. ದುರ್ಗಮ ಹಳ್ಳಿಯ ಸಮಗ್ರ ಆರೋಗ್ಯ ವ್ಯವಸ್ಥೆಯ ಬೆಲೆ ಇಷ್ಟೇ!

‘ಜನರಲ್ಲಿ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ’ ಎಂಬುದು ಅಧಿಕಾರಿಗಳ ಹಳೆಯ ಪಲ್ಲವಿ. ಇದು ಶುದ್ಧ ಅಪಚಾರ. ಆಳಂದ, ಅಫಜಲಪುರದ ಜನ ಸಾಲ ಮಾಡಿ, ರಾಜ್ಯದ ಗಡಿ ದಾಟಿ ಸೊಲ್ಲಾಪುರದ ಆಸ್ಪತ್ರೆಗಳಿಗೆ ಹೋಗುತ್ತಾರೆ. ಒಡವೆ ಅಡವಿಟ್ಟು ಚಿಕಿತ್ಸೆ ಪಡೆಯುವವರಲ್ಲಿ ಅರಿವಿಲ್ಲವೆನ್ನುವುದು ಹೇಗೆ? ಪುಣೆ, ಮುಂಬಯಿಗೆ ದುಡಿಯಲು ಗುಳೆ ಹೋಗುವ ಕುಟುಂಬದ ಮಗು ಅಂಗನವಾಡಿಯ ಮೊಟ್ಟೆಯನ್ನೂ ಲಸಿಕೆಯ ಸರದಿಯನ್ನೂ ಕಳೆದುಕೊಂಡರೆ ಅದು ತಾಯಿಯ ಅಜ್ಞಾನವೇ, ವ್ಯವಸ್ಥೆಯ ಕುರುಡೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಇದು ಬೆಂಗಳೂರನ್ನೂ ಸೇರಿಸಿದ ಸರಾಸರಿ ಎಂಬುದನ್ನು ಮರೆಯಬಾರದು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯ ಬಳಿಕ ಬಾಣಂತಿಯರು ಸಾಲುಸಾಲಾಗಿ ಮೃತಪಟ್ಟಾಗ ನಾಡು ಬೆಚ್ಚಿಬಿದ್ದಿತು, ಸದನದಲ್ಲಿ ಗದ್ದಲವೆದ್ದಿತು. ಅದು ಆಗಲೇಬೇಕಿತ್ತು. ಆದರೆ ಒಂದೇ ಸೂರಿನಡಿ ಐವರು ಸತ್ತರೆ ಸುದ್ದಿ. ಐದು ಹಳ್ಳಿಗಳ ಹಾದಿಯಲ್ಲಿ ಒಬ್ಬೊಬ್ಬರಾಗಿ ಸತ್ತರೆ ಹಣೆಬರಹ. ಈ ವಿಂಗಡಣೆಯನ್ನು ಮಾಡಿದವರು ಯಾರು?

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ನಮ್ಮ ಸಂಘ ಸಂಸ್ಥೆಗಳಿಗೆ ಸಮಾಜಸೇವೆಯೆಂದರೆ ಒಂದು ದಿನದ ಉಚಿತ ಆರೋಗ್ಯ ಶಿಬಿರ. ಶಾಮಿಯಾನ, ಅತಿಥಿಗಳ ಭಾಷಣ, ಮಾತ್ರೆ ವಿತರಣೆ, ಮರುದಿನ ಪತ್ರಿಕೆಯಲ್ಲಿ ಛಾಯಾಚಿತ್ರ. ಆ ಶಿಬಿರದಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದ ವೃದ್ಧೆಗೆ ಮುಂದಿನ ತಿಂಗಳ ಮಾತ್ರೆ ಕೊಡುವವರು ಯಾರು? ರೋಗವನ್ನು ತಿಳಿಸಿ ಕೈಬಿಡುವುದು ಸೇವೆಯಲ್ಲ. ಶಿಬಿರದ ಖರ್ಚಿನ ಒಂದಂಶದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ತಾಲೂಕಿನ ಖಾಲಿ ಹುದ್ದೆಗಳ ಪಟ್ಟಿ ಪಡೆದು ಗ್ರಾಮಸಭೆಯ ಮುಂದಿಟ್ಟರೆ ಅದು ನೂರು ಶಿಬಿರಗಳಿಗಿಂತ ಮಿಗಿಲು. ಸರಕಾರ ಮಾಡಬೇಕಾದುದನ್ನು ದಾನಿಗಳು ಮಾಡತೊಡಗಿದರೆ ಹಕ್ಕು ಭಿಕ್ಷೆಯಾಗುತ್ತದೆ.

ನಮ್ಮ ಬೇಡಿಕೆಗಳು ದುಬಾರಿಯಲ್ಲ. ಭೀಮಾ ತೀರದ ಹಳ್ಳಿಗಳನ್ನು ದುರ್ಗಮ ಪ್ರದೇಶವೆಂದು ಘೋಷಿಸಿ ಕೇಂದ್ರಗಳ ಸಂಖ್ಯೆ ಹೆಚ್ಚಿಸಲಿ. ಆರೋಗ್ಯ ಸಹಾಯಕಿಗೆ ಊರಲ್ಲೇ ಸುರಕ್ಷಿತ ವಸತಿ ಕೊಡಲಿ. ಮಂಡಳಿಯ ಹಣ ಕಾಮಗಾರಿಗಳಿಗಷ್ಟೇ ಅಲ್ಲ, ಅದಕ್ಕೂ ಸಲ್ಲಲಿ. ನದಿ ಉಕ್ಕುವ ಮೊದಲೇ ದಿನ ತುಂಬಿದ ಗರ್ಭಿಣಿಯರನ್ನು ತಾಲೂಕು ಆಸ್ಪತ್ರೆಯ ಬಳಿ ಊಟ, ವಸತಿಯೊಡನೆ ಇರಿಸಲಿ. ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಎಂದು ಬರೆಯಲಿ.

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ 2024ರಲ್ಲಿ ಪ್ರೊ. ಗೋವಿಂದರಾವ್ ನೇತೃತ್ವದಲ್ಲಿ ಮತ್ತೊಂದು ಸಮಿತಿ ನೇಮಕವಾಯಿತು. ಎರಡು ದಶಕಗಳ ಅಂತರದಲ್ಲಿ ಎರಡು ಸಮಿತಿಗಳು! ಸೊನ್ನದ ಕೊನೆಯ ಮನೆಯ ಹೊಸ್ತಿಲಿನಿಂದ ಮೊದಲ ದಾದಿಯವರೆಗೆ ಎಷ್ಟು ಹೊತ್ತಿನ ಹಾದಿ ಎಂದು ಅಳೆಯಲು ಸಮಿತಿ ಬೇಕಿಲ್ಲ. ಒಬ್ಬ ಅಧಿಕಾರಿ ಮಳೆಗಾಲದ ಒಂದು ರಾತ್ರಿ ಆ ಹಾದಿಯಲ್ಲಿ ನಡೆದು ನೋಡಿದರೆ ಸಾಕು.